ಅಪ್‌ಡೇಟ್: ಕೊನೆಗೆ ಸೆರೆಂಗೆಟಿಗೇ ಹೋಗಿ ಬಂದೆವು

ಫೆಬ್ರವರಿಯಲ್ಲಿ ಅಪ್ಪ-ಅಮ್ಮನ ಜೊತೆ ಸಫಾರಿಗೆ ಕೀನ್ಯಾದ ಮಸಾಯಿ ಮಾರಾ ಒಳ್ಳೆಯದಾ, ತಾಂಜಾನಿಯಾದ ಸೆರೆಂಗೆಟಿಯಾ ಅಂತ ಕೇಳಿದ್ದೆ. ಮೊದಲು ತಿಂಗಳು ನೋಡಿ, ಆಮೇಲೆ ಜಾಗ ಆರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಹಿಂಡುಹಿಂಡಾಗಿ ವಲಸೆ ಹೋಗುವ ವೈಲ್ಡ್‌ಬೀಸ್ಟ್‌ಗಳು (ದೊಡ್ಡ ಹುಲ್ಲೆಗಳು) ಮಸಾಯಿ ಮಾರಾ ಕಡೆಯ ಮಾರಾ ನದಿ ದಾಟುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ಫೆಬ್ರವರಿಯಲ್ಲಿ ಹಿಂಡುಗಳು ಸೆರೆಂಗೆಟಿಯ ದಕ್ಷಿಣಕ್ಕೆ, ಎನ್‌ಡುಟು ಕಡೆ ಇರುತ್ತವೆ. ಅವು ಮರಿ ಹಾಕುವುದು ಅಲ್ಲಿನ ಗಿಡ್ಡ ಹುಲ್ಲಿನ ಬಯಲಲ್ಲಿ. ಜ್ವಾಲಾಮುಖಿಯ ಬೂದಿ ಬಿದ್ದ ಮಣ್ಣು ಅದು. ಹುಲ್ಲಿನಲ್ಲಿ ಖನಿಜಾಂಶ ಜಾಸ್ತಿ, ಹಾಲೂಡುವ ತಾಯಿಗೆ ಅದೇ ಬೇಕು. ನಮ್ಮ ಕಣ್ಣೆದುರೇ ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡಿತು! ಮರಿಗಳಿದ್ದ ಕಡೆ ಸಿಂಹ, ಚೀತಾ, ಕತ್ತೆಕಿರುಬ ಎಲ್ಲವೂ ಬರುತ್ತವೆ, ಅಲ್ವಾ? ಹುಡುಕಿಕೊಂಡು ಅಲೆಯಬೇಕಾಗಲಿಲ್ಲ. ಅಮ್ಮ ಬೈನಾಕ್ಯುಲರ್ ಕೆಳಗಿಡಲೇ ಇಲ್ಲ.

ಕಪ್ಪು ಘೇಂಡಾಮೃಗಕ್ಕಾಗಿ ಗೊರೊಂಗೊರೊ ಕುಳಿಗೆ (ತಾಂಜಾನಿಯಾದಲ್ಲೇ ಇರುವ ಹಳೆಯ ಜ್ವಾಲಾಮುಖಿಯ ಕುಳಿ) ಇಳಿದೆವು. ಸುಮಾರು 600 ಮೀಟರ್ ಆಳ, ತಳವೇ 260 ಚದರ ಕಿ.ಮೀ. ಘೇಂಡಾಮೃಗ ಕಂಡಿತು, ಆದರೆ ತುಂಬಾ ದೂರದಲ್ಲಿ. ಫೋಟೊದ ಆಸೆ ಇಟ್ಟುಕೊಳ್ಳಬೇಡಿ. ಕುಳಿಯ ತಳದಲ್ಲಿ ಜಿರಾಫೆ ಸಿಗುವುದಿಲ್ಲ, ಸೆರೆಂಗೆಟಿಯಲ್ಲೇ ನೋಡಿಕೊಳ್ಳಿ.

ತಾಂಜಾನಿಯಾದ ಇನ್ನೊಂದು ರಾಷ್ಟ್ರೀಯ ಉದ್ಯಾನ ತರಂಗಿರೆಯನ್ನು ಕೈಬಿಟ್ಟೆವು. ಅಲ್ಲಿ ಆನೆಗಳ ದೊಡ್ಡ ಹಿಂಡು ನದಿಯ ಹತ್ತಿರ ಸೇರುವುದು ಮಳೆಯಿಲ್ಲದ ಒಣ ತಿಂಗಳುಗಳಲ್ಲಿ, ಅಂದರೆ ಜೂನ್ ನಂತರ.

ವಯಸ್ಸಾದವರಿದ್ದರೆ ಒಂದೇ ಕಡೆ ಜಾಸ್ತಿ ದಿನ ಉಳಿಯಿರಿ. ರಸ್ತೆಯ ಕುಲುಕಾಟ ಅಪ್ಪನ ಸೊಂಟಕ್ಕೆ ಕಷ್ಟವಾಯಿತು. ಆಗಸ್ಟ್‌ನಲ್ಲಿ ರಜೆ ಸಿಗುವವರಿಗೆ ಮಾತ್ರ ನಾನೂ ಮಾರಾ ಅಂತಲೇ ಹೇಳುತ್ತೇನೆ.