ಸಂಕಟದಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಎಲ್ಲಿಯವರೆಗೆ ಸರಿ?

ಏಳನೇ ಫ್ರೇಮ್ (ಪ್ರಶ್ನೆ ಕೇಳಿದವರು)

ಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕನಾಗಿ ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ. ಕಳೆದ ತಿಂಗಳು ಕಟ್ಟಡವೊಂದು ಕುಸಿದ ಜಾಗಕ್ಕೆ ನನ್ನನ್ನು ಕಳುಹಿಸಿದ್ದರು. ಅವಶೇಷಗಳ ಅಂಚಿನಲ್ಲಿ ಒಬ್ಬ ಹೆಂಗಸು ಮಗುವಿನ ಒಂಟಿ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಮೆತ್ತಿದ್ದ ಸಿಮೆಂಟಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ ಕುಳಿತಿದ್ದರು. ನಾನು ಹತ್ತಿರ ಹೋಗಿ ಆರು ಫ್ರೇಮ್ ತೆಗೆಯುವಷ್ಟರಲ್ಲಿ, ಅವರ ತಮ್ಮನೆಂದು ಆಮೇಲೆ ತಿಳಿದ ಒಬ್ಬರು ಬಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿದರು. ಬೈಯಲಿಲ್ಲ, ತಳ್ಳಲೂ ಇಲ್ಲ. ಏಳನೆಯ ಫ್ರೇಮಿನಲ್ಲಿ ಆ ಅಂಗೈ ಮಾತ್ರ ಇದೆ.

ದೂರದಿಂದ ತೆಗೆದ, ಮುಖ ಕಾಣದ ಚಿತ್ರವೊಂದನ್ನಷ್ಟೇ ಕಚೇರಿಗೆ ಕಳುಹಿಸಿದೆ. ಮರುದಿನ ಬೇರೊಂದು ಪತ್ರಿಕೆಯ ಮುಖಪುಟದಲ್ಲಿ ಅದೇ ಹೆಂಗಸಿನ ಅಳುವ ಮುಖ ದೊಡ್ಡದಾಗಿ ಬಂದಿತ್ತು. ನಮ್ಮ ಹಿರಿಯರು, ‘ನೀನು ಅಲ್ಲಿರಲಿಲ್ಲವೇ?’ ಎಂದು ಕೇಳಿದರು. ಆ ಆರು ಚಿತ್ರಗಳು ಇನ್ನೂ ನನ್ನ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿವೆ. ಅವನ್ನು ಅಳಿಸಬೇಕೇ, ಕಚೇರಿಗೆ ಕೊಡಬೇಕೇ, ಸುಮ್ಮನೆ ಇಟ್ಟುಕೊಳ್ಳಬೇಕೇ? ತೆಗೆದದ್ದೇ ತಪ್ಪಾಗಿತ್ತೇ?

ಕತ್ತಲಕೋಣೆ

ಅಳಿಸಬೇಡಿ. ತೆಗೆಯುವುದು ಒಂದು ತೀರ್ಮಾನ, ಪ್ರಕಟಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದಾಗಲೇ ನಮ್ಮ ವೃತ್ತಿಯಲ್ಲಿ ಹೆಚ್ಚಿನ ಗೊಂದಲ ಹುಟ್ಟುತ್ತದೆ. 1943ರ ಬಂಗಾಳದ ಬರಗಾಲದಲ್ಲಿ, ಆಗಿನ ಆಡಳಿತ ಬರ ಬಂದಿದೆಯೆಂದು ಒಪ್ಪಿಕೊಳ್ಳಲು ಹಿಂಜರಿಯುತ್ತಿದ್ದ ಹೊತ್ತಿನಲ್ಲಿ, ಆಗಸ್ಟ್ 22ರ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ ಕಲ್ಕತ್ತೆಯ ಬೀದಿಗಳಲ್ಲಿ ಹಸಿವಿನಿಂದ ಬಿದ್ದವರ ಚಿತ್ರಗಳನ್ನು ಪ್ರಕಟಿಸಿತು. ಆ ಜನರಲ್ಲಿ ಯಾರ ಒಪ್ಪಿಗೆಯನ್ನಾದರೂ ಕೇಳಿದ್ದರೆಂದು ನಾನು ನಂಬುವುದಿಲ್ಲ. ಹಾಗಿದ್ದೂ ಸಂಪಾದಕ ಇಯಾನ್ ಸ್ಟೀಫನ್ಸ್ ಅವುಗಳನ್ನು ಒಳಗಿಟ್ಟುಕೊಳ್ಳಬೇಕಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಅಲ್ಲಿ ಮುಚ್ಚಿಡಲಾಗುತ್ತಿದ್ದ ಸಂಗತಿಯೊಂದಿತ್ತು. ನಿಮ್ಮ ಕಟ್ಟಡ ಕುಸಿದದ್ದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆ ತಾಯಿಯ ಮುಖ ಕಂಡಿದ್ದರೆ ಓದುಗನಿಗೆ ಹೊಸದಾಗಿ ಏನು ತಿಳಿಯುತ್ತಿತ್ತು? ಮುರಿದ ಕಂಬದೊಳಗಿನ ಕಬ್ಬಿಣದ ಸರಳು ಎಷ್ಟು ತೆಳ್ಳಗಿತ್ತು ಎಂಬುದನ್ನು ತೋರಿಸುವ ಚಿತ್ರ ನಿಮ್ಮಲ್ಲಿದ್ದರೆ, ಅದೇ ಹೆಚ್ಚಿನ ಸುದ್ದಿ ಎಂದು ನನ್ನ ಎಣಿಕೆ.

ಇನ್ನೊಂದು ಮಾತು. ದೂರದ್ದನ್ನು ಹತ್ತಿರಕ್ಕೆ ತರುವ 200 ಎಂಎಂ ಲೆನ್ಸಿನಲ್ಲಿ ರಸ್ತೆಯ ಆಚೆ ಬದಿಯಿಂದ ತೆಗೆದರೆ ಎದುರಿನವರಿಗೆ ತೊಂದರೆಯಾಗುವುದಿಲ್ಲ ಎಂದು ಹೊಸಬರು ತಿಳಿದಿರುತ್ತಾರೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಹತ್ತಿರ ಹೋಗಿಯೇ ತೆಗೆಯಬೇಕಾದ 35 ಎಂಎಂ ಲೆನ್ಸ್ ಹಿಡಿದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತವನನ್ನು ಅವರು ನೋಡಬಲ್ಲರು, ತಲೆ ಅಲ್ಲಾಡಿಸಿ ಬೇಡವೆನ್ನಬಲ್ಲರು, ಬೇಕಾದರೆ ಅಂಗೈಯನ್ನೂ ಅಡ್ಡ ಹಿಡಿಯಬಲ್ಲರು. ನೀವು ಹತ್ತಿರ ಹೋದದ್ದರಿಂದಲೇ ನಿಮಗೆ ಉತ್ತರ ಸಿಕ್ಕಿತು, ಆ ಉತ್ತರವನ್ನು ನೀವು ಮನ್ನಿಸಿದಿರಿ. ಇದರಲ್ಲಿ ನನಗೆ ತಪ್ಪು ಕಾಣುತ್ತಿಲ್ಲ.

ಸುದ್ದಿಮೇಜು

ಪತ್ರಿಕೆಗೆ ಸುದ್ದಿ, ಚಿತ್ರಗಳನ್ನು ಆರಿಸುವ ಡೆಸ್ಕಿನಲ್ಲಿ ಕುಳಿತವರ ಪಾಲನ್ನೂ ಹೇಳಬೇಕು, ಏಕೆಂದರೆ ಬೈಗುಳವೆಲ್ಲ ಛಾಯಾಗ್ರಾಹಕನಿಗೇ ಹೋಗುತ್ತದೆ. ಕೆವಿನ್ ಕಾರ್ಟರ್ ಸುಡಾನಿನಲ್ಲಿ ತೆಗೆದ, ಕುಸಿದು ಬಿದ್ದ ಮಗು ಮತ್ತು ರಣಹದ್ದಿನ ಚಿತ್ರ 1993ರ ಮಾರ್ಚ್ 26ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದಾಗ ಓದುಗರು ಮೊದಲು ಕೇಳಿದ್ದು ‘ಮಗು ಏನಾಯಿತು?’ ಎಂದು. ಚಿತ್ರದ ಅಡಿಬರಹದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಲ್ಕು ದಿನಗಳ ನಂತರ ಪತ್ರಿಕೆ ಸಂಪಾದಕರ ಟಿಪ್ಪಣಿ ಹಾಕಿ, ಹದ್ದನ್ನು ಓಡಿಸಿದ ಮೇಲೆ ಮಗು ಚೇತರಿಸಿಕೊಂಡು ನಡೆಯತೊಡಗಿತೆಂದೂ, ಆಹಾರ ಕೇಂದ್ರ ತಲುಪಿತೋ ಇಲ್ಲವೋ ತಿಳಿಯದೆಂದೂ ಹೇಳಬೇಕಾಯಿತು. ಮುಂದಿನ ವರ್ಷ ಕಾರ್ಟರ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಜುಲೈನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆ ಚಿತ್ರವೇ ಅವರನ್ನು ಕೊಂದಿತು ಎಂಬ ಸರಳ ಕಥೆಯನ್ನು ನಾನು ಒಪ್ಪುವುದಿಲ್ಲ. ಆದರೆ ‘ಮಗು ಏನಾಯಿತು?’ ಎಂದು ಅಚ್ಚಿಗೆ ಹೋಗುವ ಮೊದಲೇ ಡೆಸ್ಕ್ ಕೇಳಬಹುದಾಗಿತ್ತು.

‘ತೆಗೆಯುವ ಬದಲು ಏಕೆ ಸಹಾಯ ಮಾಡಲಿಲ್ಲ?’ ಎಂಬುದು ಎಲ್ಲರಿಗೂ ಸುಲಭವಾಗಿ ಒದಗುವ ಪ್ರಶ್ನೆ. ಕೊಲಂಬಿಯಾದ ಆರ್ಮೆರೊದಲ್ಲಿ 1985ರ ನವೆಂಬರ್ 13ರಂದು ಜ್ವಾಲಾಮುಖಿಯ ಕೆಸರಿನ ಪ್ರವಾಹ ಊರನ್ನೇ ಮುಚ್ಚಿದಾಗ, ಹದಿಮೂರು ವರ್ಷದ ಒಮೈರಾ ಸಾಂಚೆಸ್ ಸುಮಾರು ಮೂರು ದಿನ ಕುತ್ತಿಗೆಯವರೆಗಿನ ನೀರಿನಲ್ಲಿ ಸಿಲುಕಿ ತೀರಿಕೊಂಡಳು. ಫ್ರಾಂಕ್ ಫೂರ್ನಿಯೆ ಅವಳ ಚಿತ್ರ ತೆಗೆದು ‘ಹದ್ದು’ ಎನ್ನಿಸಿಕೊಂಡರು. ಆದರೆ ಸುತ್ತಲಿದ್ದ ರಕ್ಷಕರ ಬಳಿಯೇ ಅವಳನ್ನು ಬಿಡಿಸಲು ಬೇಕಾದ ಸಲಕರಣೆ ಇರಲಿಲ್ಲ, ಛಾಯಾಗ್ರಾಹಕ ಏನು ಮಾಡಬಹುದಿತ್ತು? ಸಲಕರಣೆ ಬರಲಿಲ್ಲವೆಂಬುದಕ್ಕೆ ಆ ಚಿತ್ರವೇ ಸಾಕ್ಷಿಯಾಯಿತು. ಕೈಚಾಚಿದರೆ ಉಳಿಸಬಹುದಾದ ಸಂದರ್ಭದಲ್ಲಿ ಕ್ಯಾಮೆರಾ ಕೆಳಗಿಡಬೇಕು ಎಂಬುದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಅಂಥ ಸಂದರ್ಭಗಳು ಹೊರಗಿನವರು ಊಹಿಸುವುದಕ್ಕಿಂತ ಕಡಿಮೆ.

ನಿಮ್ಮ ಹಿರಿಯರ ಮಾತಿಗೆ ಉತ್ತರ: ‘ಅಲ್ಲಿದ್ದೆ, ಅವರು ಬೇಡವೆಂದರು.’ ಇಷ್ಟು ಹೇಳಿದರೆ ಸಾಕು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರ ಸಂಘದ ನೀತಿಸಂಹಿತೆ ಕೂಡ, ಸಾರ್ವಜನಿಕರು ನೋಡಲೇಬೇಕಾದ ಬಲವಾದ ಕಾರಣವಿದ್ದಾಗ ಮಾತ್ರ ಖಾಸಗಿ ದುಃಖದ ಗಳಿಗೆಯೊಳಗೆ ಕಾಲಿಡಬೇಕೆನ್ನುತ್ತದೆ. ಬೇರೆ ಪತ್ರಿಕೆಯಲ್ಲಿ ಬಂದಿದೆ ಎಂಬುದು ಆ ಕಾರಣಗಳಲ್ಲಿ ಸೇರುವುದಿಲ್ಲ.

ಚಿತ್ರದೊಳಗಿದ್ದವಳು

ಮೇಲಿನ ಇಬ್ಬರೂ ಕ್ಯಾಮೆರಾದ ಹಿಂದಿನಿಂದ ಮಾತನಾಡಿದ್ದೀರಿ. ನಾನು ಹತ್ತೊಂಬತ್ತು ವರ್ಷದವಳಿದ್ದಾಗ ರೈಲು ಅಪಘಾತವೊಂದರಲ್ಲಿ ಅಣ್ಣನನ್ನು ಕಳೆದುಕೊಂಡೆ. ಆಸ್ಪತ್ರೆಯ ಹೊರಗೆ ನೆಲದ ಮೇಲೆ ಕುಳಿತು ಬಾಯಿ ತೆರೆದು ಅಳುತ್ತಿದ್ದ ನನ್ನ ಚಿತ್ರ ಪತ್ರಿಕೆಯಲ್ಲಿ ಬಂತು. ತೆಗೆದವರ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ನಿಜವಾಗಿ ಅವರನ್ನು ನಾನು ನೋಡಿಯೇ ಇರಲಿಲ್ಲ. ಸಿಟ್ಟು ಬಂದದ್ದು ಮೂರನೆಯ ವರ್ಷ, ಬೇರೆಲ್ಲೋ ನಡೆದ ಬೇರೊಂದು ಅಪಘಾತದ ಸುದ್ದಿಗೆ ನನ್ನ ಮುಖವನ್ನೇ ‘ಸಂಗ್ರಹ ಚಿತ್ರ’ ಎಂದು ಬಳಸಿದಾಗ. ಪತ್ರ ಬರೆದೆ. ಉತ್ತರ ಬರಲಿಲ್ಲ. ಆಮೇಲೆ ಆ ಚಿತ್ರ ಇನ್ನೂ ಎರಡು ಬಾರಿ ಬಂತು.

ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಊರಿನಲ್ಲಿ 1972ರ ಜೂನ್ 8ರಂದು ನೇಪಾಮ್ ಬಾಂಬಿನ ಬೆಂಕಿಯಿಂದ ಬೆತ್ತಲೆಯಾಗಿ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್ ಚಿತ್ರವನ್ನು ಜಗತ್ತು ಯುದ್ಧವಿರೋಧದ ಗುರುತಾಗಿ ನೆನೆಯುತ್ತದೆ. (ಅದನ್ನು ತೆಗೆದವರು ಯಾರೆಂಬುದೇ ಈಗ ವಿವಾದದಲ್ಲಿದೆ, ಪತ್ರಿಕಾ ಚಿತ್ರಗಳಿಗೆ ಪ್ರಶಸ್ತಿ ಕೊಡುವ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ, ಅದನ್ನು ತೆಗೆದವರೆಂದು ಅಲ್ಲಿಯವರೆಗೆ ಹೇಳಲಾಗುತ್ತಿದ್ದ ನಿಕ್ ಉಟ್ ಅವರ ಹೆಸರನ್ನು 2025ರಲ್ಲಿ ತಡೆಹಿಡಿಯಿತು. ಚಿತ್ರವನ್ನು ಹಂಚಿದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಅವರ ಹೆಸರನ್ನೇ ಉಳಿಸಿಕೊಂಡಿದೆ.) ಆದರೆ ಆಕೆ ದೊಡ್ಡವಳಾದ ಮೇಲೆ ಅಲ್ಲಿನ ಸರ್ಕಾರ ಆ ಚಿತ್ರದ ಹುಡುಗಿಯೆಂದೇ ಆಕೆಯನ್ನು ಪ್ರಚಾರಕ್ಕೆ ಬಳಸಿಕೊಂಡಿತು, ಓದು ಕೆಟ್ಟಿತು, ಕೊನೆಗೆ 1992ರಲ್ಲಿ ಆಕೆ ಕೆನಡಾದಲ್ಲಿ ಆಶ್ರಯ ಕೇಳಿದರು. ಈಗ ಆ ಚಿತ್ರದೊಂದಿಗೆ ರಾಜಿಯಾಗಿದ್ದಾರೆ, ಆದರೆ ಅದಕ್ಕೆ ಹಿಡಿದ ವರ್ಷಗಳನ್ನು ಯಾರು ಲೆಕ್ಕ ಹಾಕುತ್ತಾರೆ? ಆದ್ದರಿಂದ ‘ಅಳಿಸಬೇಡಿ’ ಎಂದವರನ್ನು ಕೇಳುತ್ತೇನೆ: ನಿಮ್ಮ ಕೈಯಲ್ಲಿರುವಷ್ಟು ದಿನ ಸರಿ, ನಾಳೆ ಆ ಕಾರ್ಡು ಕಚೇರಿಯ ಸಂಗ್ರಹಕ್ಕೆ ಸೇರಿದ ಮೇಲೆ ಆ ಅಂಗೈಯನ್ನು ಅಡ್ಡ ಹಿಡಿಯುವವರು ಯಾರು?

ಕತ್ತಲಕೋಣೆ

ಅಮ್ಮಾ, ನಿಮ್ಮ ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ನನ್ನ ಹಳೆಯ ನೆಗೆಟಿವ್‌ಗಳೂ ಒಂದು ಕಚೇರಿಯ ಕಪಾಟಿನಲ್ಲಿವೆ. ಅಲ್ಲಿಂದ ಹೊರಬಿದ್ದ ಮೇಲೆ ಅವು ಯಾವ ಸುದ್ದಿಗೆ ಹೋದವೆಂದು ನಾನು ವಿಚಾರಿಸಿದವನಲ್ಲ.

ಏಳನೇ ಫ್ರೇಮ್

ಎಲ್ಲರಿಗೂ ಕೃತಜ್ಞತೆಗಳು. ಆ ತಮ್ಮನವರನ್ನು ಹುಡುಕಿ ಮಾತನಾಡಿಸಿದೆ. ಚಿತ್ರಗಳು ಇರಲಿ, ಅಕ್ಕ ಕೇಳಿದ ದಿನ ಕೊಡಿ, ಅಲ್ಲಿಯವರೆಗೆ ಎಲ್ಲಿಯೂ ಬರಬಾರದು ಎಂದರು. ಹಾಗೇ ಒಪ್ಪಿಕೊಂಡು ಬಂದಿದ್ದೇನೆ. ಈಗ ಉಳಿದಿರುವ ತೊಂದರೆಯೆಂದರೆ, ಆ ದಿನದ ಕಾರ್ಡನ್ನು ಪೂರ್ತಿಯಾಗಿ ಸಂಗ್ರಹಕ್ಕೆ ಕೊಡಬೇಕೆಂಬುದು ನಮ್ಮಲ್ಲಿನ ನಿಯಮ.

ಸುದ್ದಿಮೇಜು

ಚಿತ್ರದ ಕಡತದೊಳಗೆ ಅಡಿಬರಹಕ್ಕೆ ಇರುವಂತೆ ಸೂಚನೆಗೂ ಒಂದು ಪ್ರತ್ಯೇಕ ಅಂಕಣವಿರುತ್ತದೆ. ಆರು ಚಿತ್ರಗಳಲ್ಲೂ ಅದನ್ನು ತುಂಬಿಸಿ: ‘ಕುಟುಂಬದ ಆಕ್ಷೇಪವಿದೆ, ಪ್ರಕಟಿಸಬಾರದು, ಬೇರೆ ಸುದ್ದಿಗೆ ಬಳಸಬಾರದು.’ ಎಷ್ಟೋ ಡೆಸ್ಕುಗಳಲ್ಲಿ ಆ ಅಂಕಣವನ್ನು ಯಾರೂ ತೆರೆದು ನೋಡುವುದಿಲ್ಲ. ಹಾಗಾಗಿ ಅದೇ ವಾಕ್ಯವನ್ನು ಅಡಿಬರಹದ ಮೊದಲ ಸಾಲಿನಲ್ಲೂ ಹಾಕಿ, ಸಂಪಾದಕರಿಗೆ ಒಂದು ಮಿಂಚಂಚೆ ಕಳುಹಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಿ.