ಕುದುರೆಯ ಸಕ್ಕರೆ ನಾರ್ಮಲ್, ಇನ್ಸುಲಿನ್ ಮಾತ್ರ ಜಾಸ್ತಿ: ಇದು ಡಯಾಬಿಟಿಸ್ ಹೌದಾ?

ಪ್ರಶ್ನೆ | ಕಪ್ಪುಜೂಲು

14 ವರ್ಷದ ಹೆಣ್ಣು ಕುದುರೆ, ತೂಕ ಸುಮಾರು 420 ಕೆಜಿ. ಕುತ್ತಿಗೆಯ ಮೇಲಂಚಿನಲ್ಲಿ ಕೊಬ್ಬು ಗಟ್ಟಿಯಾಗಿ ಕೂತಿದೆ, ಬಾಲದ ಬುಡದಲ್ಲೂ ಉಬ್ಬಿದೆ. ಗಟ್ಟಿ ನೆಲದಲ್ಲಿ ತಿರುಗಿಸಿದರೆ ಮುಂಗಾಲು ಊರಲು ಹಿಂಜರಿಯುತ್ತಾಳೆ. ಬರೀ ಒಣಹುಲ್ಲು ತಿಂದಿದ್ದಾಗ ತೆಗೆದ ರಕ್ತದಲ್ಲಿ ಗ್ಲೂಕೋಸ್ 98 ಮಿಗ್ರಾಂ, ಇನ್ಸುಲಿನ್ 82 ಯೂನಿಟ್. ಇದು ಸಕ್ಕರೆ ಕಾಯಿಲೆಯಾ? ಇನ್ಸುಲಿನ್ ಇಂಜೆಕ್ಷನ್ ಬೇಕಾಗುತ್ತಾ? ಮೇವು ಅರ್ಧಕ್ಕೆ ಇಳಿಸಲಾ?

ಉತ್ತರ | ಗೊರಸುವೈದ್ಯ

ಇಂಜೆಕ್ಷನ್ ಯೋಚನೆ ಬಿಟ್ಟುಬಿಡಿ. ಅವಳ ದೇಹದಲ್ಲಿ ಇನ್ಸುಲಿನ್ ಕೊರತೆಯಿಲ್ಲ, ಇರುವುದೇ ವಿಪರೀತ. ಮನುಷ್ಯರಲ್ಲಿ ಕಾಣುವಂಥ, ಸಕ್ಕರೆ ಏರಿ ಮೂತ್ರದಲ್ಲಿ ಹೋಗುವ ಡಯಾಬಿಟಿಸ್ ಕುದುರೆಗಳಲ್ಲಿ ಅಪರೂಪ. ಅವುಗಳ ಮೇದೋಜೀರಕ ಗ್ರಂಥಿ ಸುಲಭಕ್ಕೆ ಸೋಲುವುದಿಲ್ಲ. ಅಂಗಾಂಶಗಳು ಇನ್ಸುಲಿನ್ನಿಗೆ ಸ್ಪಂದಿಸದಿದ್ದಷ್ಟೂ ಹೆಚ್ಚು ಸುರಿಸಿ ಗ್ಲೂಕೋಸನ್ನು ಹಿಡಿತದಲ್ಲಿಡುತ್ತದೆ. ಅದಕ್ಕೇ ಗ್ಲೂಕೋಸ್ ರಿಪೋರ್ಟ್ ನಾರ್ಮಲ್ ಬಂದಿತೆಂದು ನಿಶ್ಚಿಂತರಾಗುವಂತಿಲ್ಲ.

ಪೆಟ್ಟು ಬೀಳುವುದು ಗೊರಸಿಗೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಇನ್ಸುಲಿನ್ ಹೆಚ್ಚಾದಾಗ ಹಿಗ್ಗಿ ಸಡಿಲವಾಗುತ್ತವೆ. ಇದೇ ಲ್ಯಾಮಿನೈಟಿಸ್. ಆರೋಗ್ಯವಾಗಿದ್ದ ಪೋನಿಗಳಿಗೆ ಇನ್ಸುಲಿನ್ ಡ್ರಿಪ್ ಕೊಟ್ಟು ಮೂರು ದಿನದೊಳಗೆ ಲ್ಯಾಮಿನೈಟಿಸ್ ಬರಿಸಿ ತೋರಿಸಿದ ಪ್ರಯೋಗವೇ ಇದೆ. ಮುಂಗಾಲು ಹಿಂಜರಿಯುವುದನ್ನು ಅದರ ಆರಂಭವೆಂದೇ ಹಿಡಿದು ಇವತ್ತೇ ಪಶುವೈದ್ಯರನ್ನು ಕರೆಸಿ.

ಅವರು ಬರುವ ತನಕ ಗೊರಸಿನ ಮೇಲಿನ ಗೆಣ್ಣಿನ ಹಿಂಬದಿ, ಎರಡೂ ಪಕ್ಕದಲ್ಲಿ ಬೆರಳಿಟ್ಟು ನೋಡಿ. ಸಾಮಾನ್ಯವಾಗಿ ಅಲ್ಲಿ ನಾಡಿ ಹುಡುಕಬೇಕಾಗುತ್ತದೆ. ಬೆರಳಿಗೆ ಬಡಿಯುವಂತೆ ಸಿಕ್ಕರೆ ಮತ್ತು ಗೊರಸು ಬಿಸಿಯಿದ್ದರೆ ನಡೆಸಲೇಬೇಡಿ. ದಪ್ಪ, ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ, ಗೊರಸಿನಿಂದ ಮೊಣಕಾಲಿನ ಕೆಳಗಿನವರೆಗೆ ಐಸ್ ಬೆರೆಸಿದ ನೀರಲ್ಲಿ ಇರಿಸಿ. ತೀವ್ರ ಹಂತದಲ್ಲಿ ಇದು 48ರಿಂದ 72 ಗಂಟೆ ನಿಲ್ಲದೆ ನಡೆಯಬೇಕು. ಪೈಪ್‌ನಿಂದ ಆಗಾಗ ತಣ್ಣೀರು ಬಿಟ್ಟರೆ ಸಾಲದು, ಗೊರಸಿನ ಒಳಭಾಗ ತಣ್ಣಗಾಗುವುದೇ ಇಲ್ಲ.

ಉತ್ತರ | ಲ್ಯಾಬ್‌ಬೆಂಚ್

ಒಣಹುಲ್ಲಿನ ಮೇಲಿದ್ದಾಗ ಇನ್ಸುಲಿನ್ 20ರೊಳಗೆ ಬಂದರೂ ಇನ್ಸುಲಿನ್ ಏರುಪೇರಿನ ಈ ಕಾಯಿಲೆ ಇಲ್ಲವೆಂದು ಹೇಳಲಾಗದು, 20–50 ಅನುಮಾನ, 50 ದಾಟಿದರೆ ಬಹುತೇಕ ಖಚಿತ. ನಡುವಿನ ಅಂಕಿ ಬಂದವರಿಗೆ ಕಾರ್ನ್ ಸಿರಪ್ ಪರೀಕ್ಷೆ ಮಾಡುತ್ತಾರೆ: ಕೆಲವು ಗಂಟೆ ಉಪವಾಸ, ಪ್ರತಿ ಕೆಜಿಗೆ 0.15 ಮಿಲೀ ಸಿರಪ್ ಬಾಯಿಗೆ, 60 ಮತ್ತು 90ನೇ ನಿಮಿಷಕ್ಕೆ ರಕ್ತ. ನಿಮ್ಮ ಕುದುರೆಗೆ ಅದು ಬೇಡ. 82 ಬಂದಿದೆ, ಕಾಲೂ ನೋಯುತ್ತಿದೆ. ಮೇಲೆ ಸಕ್ಕರೆ ಕುಡಿಸುವುದು ಅನಗತ್ಯ ಅಪಾಯ. ಆದರೆ ನೋವು ಮತ್ತು ಗಾಬರಿಯೂ ಇನ್ಸುಲಿನ್ ಏರಿಸುವುದರಿಂದ ನೋವು ಇಳಿದ ಮೇಲೆ ಮತ್ತೊಮ್ಮೆ ನೋಡಿ, ಅದೇ ಲ್ಯಾಬಿನಲ್ಲಿ. ಅಳೆಯುವ ವಿಧಾನ ಬೇರೆಯಾದರೆ ಅಂಕಿಯೂ ಬೇರೆ. ಜೈಲಜೀನ್‌ನಂಥ ಮತ್ತಿನ ಮದ್ದು ಕೊಟ್ಟು ರಕ್ತ ತೆಗೆಯಬಾರದು, ಗ್ಲೂಕೋಸ್ ಏರಿ ಲೆಕ್ಕವೇ ಕೆಡುತ್ತದೆ. ಗ್ಲೂಕೋಸಿಗೆ ಫ್ಲೋರೈಡ್ ಟ್ಯೂಬೇ ಬೇಕು. ಸಾದಾ ಟ್ಯೂಬಿನಲ್ಲಿ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿಂದು ಅಂಕಿ ಸುಳ್ಳಾಗಿ ಇಳಿಯುತ್ತದೆ.

ಉತ್ತರ | ಮೇವುಲೆಕ್ಕ

ಮೇವು ಅರ್ಧಕ್ಕೆ ಇಳಿಸಬೇಡಿ, ದಯವಿಟ್ಟು. ದಪ್ಪ ಕುದುರೆ ಏಕಾಏಕಿ ಹಸಿದರೆ ಮೈಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಕೆಡುತ್ತದೆ. ಪೋನಿ, ಕತ್ತೆಗಳಲ್ಲಿ ಪ್ರಾಣಕ್ಕೇ ಕುತ್ತು.

ತೂಕ ಮೊದಲು ಟೇಪಿನಿಂದ ಅಳೆಯಿರಿ: ಎದೆ ಸುತ್ತಳತೆಯ ವರ್ಗವನ್ನು ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ (ಎರಡೂ ಸೆಂಮೀ) 11,880ರಿಂದ ಭಾಗಿಸಿ, ಕೆಜಿ ಸಿಗುತ್ತದೆ. ದಿನಕ್ಕೆ ತೂಕದ 1.5% ಒಣ ಪದಾರ್ಥ (ನೀರಿನಂಶ ಬಿಟ್ಟು ಉಳಿಯುವ ಮೇವಿನ ತೂಕ) ಕೊಡಿ. 420 ಕೆಜಿಗೆ 6.3 ಕೆಜಿ, ಅಂದರೆ ಹುಲ್ಲು ಸುಮಾರು 7 ಕೆಜಿ. ಕೆಲವು ವಾರ ಕಳೆದರೂ ಇಳಿಯದಿದ್ದರೆ ವೈದ್ಯರ ನಿಗಾದಲ್ಲಿ 1.2%ವರೆಗೆ ಬರಬಹುದು, ಅದರ ಕೆಳಗೆ ಬೇಡ. ಸಣ್ಣ ಕಣ್ಣಿನ ಬಲೆಚೀಲದಲ್ಲಿ ಹಾಕಿ ಮೂರ್ನಾಲ್ಕು ಬಾರಿ ಹಂಚಿ, ಹೊಟ್ಟೆ ಬಹಳ ಹೊತ್ತು ಖಾಲಿ ಇರಬಾರದು.

ಹುಲ್ಲಿನಲ್ಲಿ ಸಕ್ಕರೆ, ಪಿಷ್ಟ ಸೇರಿ 10% ಮೀರಬಾರದು. ಕಣ್ಣಳತೆಯಲ್ಲಿ ಇದು ಗೊತ್ತಾಗದು, ಲ್ಯಾಬಿಗೇ ಕಳಿಸಬೇಕು. ಆಗದಿದ್ದರೆ ತಣ್ಣೀರಲ್ಲಿ 30ರಿಂದ 60 ನಿಮಿಷ ನೆನೆಸಿ, ನೀರು ಚೆಲ್ಲಿ, ತಕ್ಷಣ ಹಾಕಿ. ಆ ನೀರನ್ನು ಕುಡಿಯಲು ಬಿಡಬೇಡಿ, ಇಳಿದ ಸಕ್ಕರೆಯೆಲ್ಲ ಅದರಲ್ಲಿರುತ್ತದೆ. ನೆನೆಸಿದಾಗ ಖನಿಜಗಳೂ ಹೋಗುತ್ತವೆ, ಹಾಗಾಗಿ ಪ್ರೋಟೀನ್, ತಾಮ್ರ, ಸತು, ವಿಟಮಿನ್ ಇ ಇರುವ ಸಕ್ಕರೆರಹಿತ ಪೂರಕ ಬೇಕೇ ಬೇಕು. ಧಾನ್ಯ, ಕಾಕಂಬಿ ಬೆರೆಸಿದ ಮೇವು, ಹಸಿರು ಹುಲ್ಲಿನ ಮೇಯಾಟ ಸದ್ಯಕ್ಕೆ ಪೂರ್ತಿ ನಿಲ್ಲಿಸಿ.

ಕಪ್ಪುಜೂಲು

ನಾಡಿ ಬಡಿಯುತ್ತಿದೆ, ಡಾಕ್ಟರಿಗೆ ಹೇಳಿಯಾಯಿತು, ಐಸ್ ಶುರು ಮಾಡಿದ್ದೇವೆ. ಮನುಷ್ಯರಿಗೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೇಳಬಹುದಾ?

ಉತ್ತರ | ಗೊರಸುವೈದ್ಯ

ಕೇಳಬಹುದು, ಆದರೆ ಬಹಳ ನೆಚ್ಚಿಕೊಳ್ಳಬೇಡಿ. ಕುದುರೆಯ ಕರುಳು ಅದನ್ನು ತೀರಾ ಕಡಿಮೆ ಹೀರುತ್ತದೆ. ಕೆಲಸವೇನಿದ್ದರೂ ಕರುಳಲ್ಲೇ, ಗ್ಲೂಕೋಸ್ ಒಳಹೋಗುವುದನ್ನು ತಡೆಯುವುದು. ಅದಕ್ಕೇ ಡೋಸ್ ಕೆಜಿಗೆ 30 ಮಿಗ್ರಾಂವರೆಗೆ, ದಿನಕ್ಕೆ ಎರಡು ಮೂರು ಬಾರಿ. ನಿಮ್ಮ ಕುದುರೆಗೆ 500ರ ಮಾತ್ರೆಯಾದರೆ ಪ್ರತಿ ಬಾರಿ ಸುಮಾರು 25! ಮೇವಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡಬೇಕು. ಬಾಯಿ ಹುಣ್ಣಾಗಬಹುದು, ಕೊಟ್ಟ ಮೇಲೆ ನೀರಿನಿಂದ ತೊಳೆಯಿರಿ.

ಅರ್ಟುಗ್ಲಿಫ್ಲೋಜಿನ್‌ನಂಥ ಮದ್ದು ಇನ್ಸುಲಿನನ್ನು ಹೆಚ್ಚು ಚೆನ್ನಾಗಿ ಇಳಿಸುತ್ತದೆ. ಆದರೆ ರಕ್ತದ ಕೊಬ್ಬು (ಟ್ರೈಗ್ಲಿಸರೈಡ್) ಏರುವ ಅಪಾಯವಿದೆ. ಶುರುವಿಗೆ ಮುಂಚೆ ಒಮ್ಮೆ, ಒಂದೆರಡು ವಾರಕ್ಕೆ ಮತ್ತೊಮ್ಮೆ ರಕ್ತ ನೋಡದೆ ಕೊಡಕೂಡದು. ಮೇವು ಬಿಟ್ಟ ಕುದುರೆಗಂತೂ ಬೇಡವೇ ಬೇಡ.

14 ವರ್ಷ ಅಂದಿದ್ದೀರಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸುರಿಸುವ ಎಸಿಟಿಎಚ್ ಹಾರ್ಮೋನನ್ನೂ ರಕ್ತದಲ್ಲಿ ನೋಡಿಸಿ. ಆ ಗ್ರಂಥಿಯ ಕಾಯಿಲೆ ಜೊತೆಗಿದ್ದರೆ ಮೇವು ಎಷ್ಟೇ ಸರಿಪಡಿಸಿದರೂ ಇನ್ಸುಲಿನ್ ಇಳಿಯದೆ ಇರಬಹುದು. ಅದಕ್ಕೆ ಪರ್ಗೊಲೈಡ್ ಎಂಬ ಮದ್ದು ಇದೆ. ಶರತ್ಕಾಲದಲ್ಲಿ ಎಸಿಟಿಎಚ್ ತಾನಾಗಿಯೇ ಏರುತ್ತದೆ, ಆಯಾ ತಿಂಗಳ ಮಿತಿಯ ಪ್ರಕಾರವೇ ರಿಪೋರ್ಟ್ ಓದಿಸಿ. ಇನ್ನು ಮುಂದೆ ತುರಿಕೆಗೆ, ಕೆಮ್ಮಿಗೆ ಯಾರೇ ಸ್ಟೀರಾಯ್ಡ್ ಬರೆದರೂ ಈ 82ರ ರಿಪೋರ್ಟನ್ನು ಮೊದಲು ತೋರಿಸಿ, ಸ್ಟೀರಾಯ್ಡ್ ಇನ್ಸುಲಿನನ್ನು ಇನ್ನೂ ಏರಿಸಬಹುದು.