ಹೊಲಿಗೆ ಘಟಕದಾಗ ಕೂಸಿನ ಕೋಣೆ: ಹಾಕಿದ ರೊಕ್ಕ ಹುಟ್ಟತದೇನು?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಹೊಲಿಗೆ ಘಟಕ. 60 ಮಂದಿ, ಬಹುತೇಕ ಹೆಣ್ಮಕ್ಕಳು. ಕೆಲಸದ ಹೊತ್ತಿನಾಗ ಅವರ ಕೂಸುಗಳನ್ನ ನೋಡಿಕೊಳ್ಳೋ ಕೋಣೆ ಮಾಡಿದರೆ ಖರ್ಚು ವಾಪಸ್ ಬರ್ತದೇನ್ರಿ?

ಉತ್ತರ 1: 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಕಾನೂನಿನ ಪ್ರಕಾರ ಕೂಸಿನ ಕೋಣೆ ಕಡ್ಡಾಯನೇ, ತಾಯಿಗೆ ದಿನಕ್ಕೆ 4 ಸಲ ಕೂಸು ನೋಡಲು ಬಿಡಬೇಕು. ಲಾಭ ಹುಡುಕೋದು ಹಾಜರಿ ಪುಸ್ತಕದಾಗ. ಕೂಸು ನೋಡೋರಿಲ್ಲಂತ ಕಾಲರ್ ಕೂಡಿಸೋ ಒಬ್ಬಾಕಿ ಬರಲಿಲ್ಲಂದ್ರ ಆಕಿ ಮಷಿನ್ ಮುಂದ ಬಂಡಲ್ ರಾಶಿ, ಮುಂದಿನ ಮಷಿನ್ ಖಾಲಿ. ಆ ದಿನ ಕಡಿಮೆಯಾದ ಪೀಸ್ ಎಣಿಸಿ, ಕೂಸು ನೋಡಿಕೊಳ್ಳೋ ಆಯಾನ ಸಂಬಳದ ಪಕ್ಕ ಇಟ್ಟು ನೋಡ್ರಿ.

ಉತ್ತರ 2: ಕೋಣೆ ನೆಲಮಹಡಿಯಲ್ಲಿರಲಿ, ಕಟಿಂಗ್ ಟೇಬಲ್‌ನಿಂದ ದೂರ. ಅರಿವೆ ಧೂಳಿಗೆ ಕೂಸು ಕೆಮ್ಮಿದರೆ ತಾಯಿ ಮತ್ತೆ ರಜಾ. ಸಣ್ಣ ಕೂಸು 10 ಇದ್ದರೆ ಒಬ್ಬ ಆಯಾ. ಬದಲಿ ಆಯಾ ಇಲ್ಲದಿದ್ದರೆ ಆಕಿ ರಜಾ ದಿನ ಎಲ್ಲಾ ಬಂದ್.

ಉತ್ತರ 3: ಶಿಫ್ಟಿಗಿಂತ ಅರ್ಧ ತಾಸು ಮೊದಲೇ ಬಾಗಿಲು ತೆಗೀರಿ. ಪಕ್ಕದ ಘಟಕದವರು ಕೂಡಿದರೆ ಬಾಡಿಗೆ ಹಂಚಿ ಹೋಗ್ತದ.